ಸಿಸ್ಟರ್ ಸೈಕಲ್ಲಿಗೆ ಮೇಷ್ಟ್ರ ಕಾವಲು

“ಹನ್ನೊಂದು ತಿಂಗಳಲ್ಲ, ಹನ್ನೊಂದು ವರ್ಷ ಬಿಟ್ಟು ಬಾ! ನಿನ್ನ ಸೈಕಲ್ ಮೇಲೆ ಒಂದೇ ಒಂದು ಗೀರು ಕಂಡ್ರೆ ನಾನು ಮೇಷ್ಟ್ರೇ ಅಲ್ಲ!”

ಮನೆಯ ಗೇಟಿನ ಮುಂದೆ ನಿಂತು, ಎದೆಯ ಮೇಲೆ ಕೈಯಿಟ್ಟುಕೊಂಡು, ಭೂಗೋಳದ ಮೇಷ್ಟ್ರು ಈ ಭೀಷ್ಮಪ್ರತಿಜ್ಞೆ ಮಾಡಿದಾಗ ಅವರ ಹೆಂಡತಿ ಆಸ್ಪತ್ರೆಯ ವ್ಯಾನಿನಲ್ಲಿ ಕೂತಾಗಿತ್ತು.

“ಹನ್ನೊಂದು ವರ್ಷ ಯಾಕೆ ರೀ? ನಾನು ಬರೋದೇ ಬೇಡ್ವಾ?”

“ಅಯ್ಯೋ, ಹಾಗಲ್ಲ ಕಣೇ! ಮಾತಿಗೆ ಅಂದೆ.”

“ಮಾತಿಗೆ ಅನ್ನೋದು ಬಿಟ್ಟು ಬೀಗ ಹಾಕೋದು ಕಲೀರಿ. ಇಷ್ಟು ವರ್ಷದಲ್ಲಿ ನೀವು ಮರೆತು ಬಂದ ಕೊಡೆಗಳನ್ನೆಲ್ಲ ಬಿಚ್ಚಿ ಜೋಡಿಸಿದ್ರೆ ಒಂದು ಮದುವೆಗೆ ಚಪ್ಪರ ಆಗತ್ತೆ. ಸೈಕಲ್ ಸುಮ್ನೆ ನಿಲ್ಲಿಸಬೇಡಿ, ತುಕ್ಕು ಹಿಡಿಯತ್ತೆ. ದಿನಾ ಸ್ಕೂಲಿಗೆ ಅದರಲ್ಲೇ ಹೋಗಿ.”

“ಹೂಂ.”

“ಹೊಟ್ಟೆಗೆ ಸರಿಯಾಗಿ ತಿನ್ನಿ.”

“ಹೂಂ.”

“ನನ್ನ ಕಡೆ ನೋಡಿ ಹೂಂ ಅನ್ನಿ.”

ಮೇಷ್ಟ್ರು ನೋಡಲಿಲ್ಲ. ನೋಡಿದ್ದರೆ ಪ್ರತಿಜ್ಞೆಯ ಗಾಂಭೀರ್ಯವೆಲ್ಲ ಕಣ್ಣಿಂದ ಇಳಿದುಹೋಗುವ ಅಪಾಯವಿತ್ತು. ಸೈಕಲ್ಲಿನ ಹ್ಯಾಂಡಲ್ ಒರೆಸುತ್ತ ನಿಂತರು. ವ್ಯಾನು ತಿರುವು ದಾಟಿ ಮರೆಯಾದ ಮೇಲೂ ಒರೆಸುತ್ತಲೇ ಇದ್ದರು. ಎದುರು ಮನೆಯವರು ಹೊರಗೆ ಬಂದು, “ಮಾರ್ತಿದ್ದೀರಾ ಮೇಷ್ಟ್ರೇ?” ಎಂದು ಕೇಳಿದಾಗಲೇ ಬಟ್ಟೆ ಕೈಬಿಟ್ಟಿದ್ದು!

ಮೇಷ್ಟ್ರ ಹೆಂಡತಿ ನರ್ಸು. ಊರಿಗೆಲ್ಲ ಸಿಸ್ಟರ್, ಮೇಷ್ಟ್ರಿಗೆ ಮಾತ್ರ ಮಿನಿಸ್ಟರ್! ಹೃದ್ರೋಗಿಗಳ ವಾರ್ಡು ನೋಡಿಕೊಳ್ಳುವ ವಿಶೇಷ ತರಬೇತಿಗೆಂದು ಅವಳನ್ನು ದೂರದ ದೊಡ್ಡ ಆಸ್ಪತ್ರೆಗೆ ಕಳಿಸಿದ್ದರು. “ಇಂಥ ಅವಕಾಶ ಮತ್ತೆ ಬರಲ್ಲ, ಹೋಗು!” ಎಂದು ಹುರಿದುಂಬಿಸಿದವರೂ ಮೇಷ್ಟ್ರೇ. ಮನೆಯಲ್ಲಿದ್ದವರು ಇಬ್ಬರು. ಅದರಲ್ಲಿ ಒಬ್ಬರು ಹೋದರೆ ಅರ್ಧ ಉಳಿಯುತ್ತದೆ ಎಂದು ಅವರು ಲೆಕ್ಕ ಹಾಕಿದ್ದರು. ಹೋದ ಮೇಲೆ ನೋಡಿದರೆ ಕಾಲುಭಾಗವೂ ಉಳಿದಿರಲಿಲ್ಲ. ಅವಳು ಅಲ್ಲಿ ಪರರ ಹೃದಯ ಸರಿಮಾಡುತ್ತಿದ್ದರೆ ಇಲ್ಲಿ ಮನೆಯವರದ್ದೇ ಒಂದು ಹೃದಯ ದಿನಾ ಸಂಜೆ ಆರಕ್ಕೆ ಸರಿಯಾಗಿ ಕೈಕೊಡುತ್ತಿತ್ತು.

ಯಾಕೆ ಆರಕ್ಕೆ ಎಂದರೆ, ಅವಳು ಕೆಲಸ ಮುಗಿಸಿ ಬರುತ್ತಿದ್ದುದು ಆರಕ್ಕೆ. ಬೀದಿಯ ತಿರುವಿನಲ್ಲಿ ಎರಡು ಸಲ ಗಂಟೆ ಬಾರಿಸುತ್ತಿದ್ದಳು: ಟ್ರಿಣ್, ಟ್ರಿಣ್. ಅಂದರೆ, “ಚಹಾಕ್ಕೆ ನೀರಿಡಿ” ಎಂದು ಅರ್ಥ. ಸೈಕಲ್ ಕೊಂಡ ಹದಿನಾಲ್ಕು ವರ್ಷದಿಂದ ಮೇಷ್ಟ್ರು ಆ ಗಂಟೆಗೆ ಎದ್ದು ಒಲೆ ಹಚ್ಚುತ್ತಿದ್ದರು. ಈಗ ಅದೇ ಸೈಕಲ್ಲಿನಲ್ಲಿ ತಾವೇ ಶಾಲೆಯಿಂದ ಬರುತ್ತ, ಅದೇ ತಿರುವಿನಲ್ಲಿ, ಅಭ್ಯಾಸಬಲದಿಂದ ಟ್ರಿಣ್ ಟ್ರಿಣ್ ಎಂದು ಬಾರಿಸಿ, ತಾವೇ ಬೀಗ ತೆಗೆದು ಒಳಗೆ ಬಂದು ನೋಡಿದರೆ ಒಲೆ ತಣ್ಣಗೆ ಕೂತಿರುತ್ತಿತ್ತು. ತಮ್ಮನ್ನು ತಾವೇ ಮನಸ್ಸಿನಲ್ಲಿ ಬೈದುಕೊಂಡು ನೀರಿಡುತ್ತಿದ್ದರು. ಅದೂ ಎರಡು ಲೋಟದ ನೀರು! ಮೊದಲ ಲೋಟ ಬಿಸಿಬಿಸಿ ಕುಡಿದು, ಎರಡನೆಯದನ್ನು ಸ್ವಲ್ಪ ಹೊತ್ತು ಎದುರಿಗಿಟ್ಟುಕೊಂಡು, ಆಮೇಲೆ ತಣ್ಣಗೆ ಕುಡಿಯುತ್ತಿದ್ದರು.

ಸೈಕಲ್ಲಿನ ಸೀಟಿನ ಕತೆ ಇನ್ನೊಂದು. ಸಿಸ್ಟರ್ ಗಿಡ್ಡ, ಮೇಷ್ಟ್ರು ತೆಂಗಿನ ಮರ. ಸೀಟು ಎತ್ತರಿಸಲು ಒಂದು ಸ್ಪ್ಯಾನರ್, ಒಂದು ನಿಮಿಷ ಸಾಕು. ಆದರೆ ಮೇಷ್ಟ್ರು ಒಪ್ಪಲಿಲ್ಲ. “ಅವಳು ಬಂದ ದಿನವೇ ಹತ್ತಿ ಓಡಿಸಬೇಕು. ಆವಾಗ ಯಾರು ಇಳಿಸ್ತಾ ಕೂರೋರು?” ಎಂದರು. ಹೀಗಾಗಿ ಅವರು ತುಳಿದಾಗ ಮೊಣಕಾಲುಗಳು ಕಿವಿಯ ಹತ್ತಿರ ಬಂದು ಗುಟ್ಟು ಹೇಳಿ ಹೋಗುತ್ತಿದ್ದವು. ಶಾಲೆಯ ಮಕ್ಕಳು ಎರಡೇ ದಿನದಲ್ಲಿ “ಮಿಡತೆ ಮೇಷ್ಟ್ರು” ಎಂದು ನಾಮಕರಣ ಮಾಡಿದರು. ಮೇಷ್ಟ್ರು ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ. ಸೀಟು ಮಾತ್ರ ಒಂದಂಗುಲವೂ ಏರಲಿಲ್ಲ.

ಕಷ್ಟ ಶುರುವಾದದ್ದು ಶಾಲೆಯಲ್ಲಿ.

ಶಾಲೆಯ ಸೈಕಲ್ ಸ್ಟ್ಯಾಂಡ್ ಹಿಂಭಾಗದಲ್ಲಿತ್ತು. ತಲೆಯ ಮೇಲೆ ಒಂದು ತಗಡು, ಪಕ್ಕದಲ್ಲಿ ಅರ್ಧ ಕುಸಿದ ಕಾಂಪೌಂಡು. ಹಿಂದಿನ ತಿಂಗಳಷ್ಟೇ ಅಲ್ಲಿಂದ ಚಿತ್ರಕಲೆಯ ಮೇಷ್ಟ್ರ ಸೈಕಲ್ಲಿನ ಸೀಟು ಮಾಯವಾಗಿತ್ತು. ಸೈಕಲ್ ಅಲ್ಲೇ ಇತ್ತು, ಸೀಟು ಮಾತ್ರ ಇಲ್ಲ! ಪಾಪ, ಮೂರು ಮೈಲಿ ನಿಂತುಕೊಂಡೇ ತುಳಿದು ಮನೆ ಸೇರಿದ್ದರು.

“ಮೂರೂ ಮೈಲಿ ನಿಂತೇ ಇದ್ರಾ?” ಎಂದು ಭೂಗೋಳದ ಮೇಷ್ಟ್ರು ಕೇಳಿದರು.

“ಒಂದೇ ಒಂದು ಸಲ ಮರೆತು ಕೂತೆ,” ಎಂದರು ಚಿತ್ರದ ಮೇಷ್ಟ್ರು, ಆಕಾಶ ನೋಡುತ್ತ. “ಮತ್ತೆ ಮರೀಲಿಲ್ಲ.”

ಅಂದೇ ಸಂಜೆ ಒಂದು ಸರಪಳಿ, ಒಂದು ಬೀಗ ಬಂತು. ಮರುದಿನ ಸ್ಟ್ಯಾಂಡಿನ ಕಂಬಕ್ಕೆ ಸೈಕಲ್ ಬಿಗಿದು ಪಾಠಕ್ಕೆ ಹೋದರು. ಅಂದು ನದಿಗಳ ಪಾಠ. “ಈ ನದಿ ಎಲ್ಲಿ ಹುಟ್ಟುತ್ತೆ ಹೇಳಿ ನೋಡೋಣ!” ಎಂದವರೇ ಕಿಟಕಿಯತ್ತ ನಡೆದು ಕೆಳಗೆ ಬಗ್ಗಿ ನೋಡುತ್ತ ನಿಂತರು. ಆ ನದಿ ಹುಟ್ಟಿ, ಬೆಳೆದು, ಸಮುದ್ರ ಸೇರುವಷ್ಟು ಹೊತ್ತಾದರೂ ಮೇಷ್ಟ್ರು ಕಿಟಕಿ ಬಿಟ್ಟು ಬರಲಿಲ್ಲ!

ಒಂದು ಬೀಗ ಎರಡಾಯಿತು, ಎರಡು ಮೂರಾಯಿತು. ಮುಂದಿನ ಚಕ್ರಕ್ಕೊಂದು, ಹಿಂದಿನ ಚಕ್ರಕ್ಕೊಂದು, ಸೀಟಿಗೊಂದು. ಬೀಗ ಹಾಕಿ ಹಾಕಿ ಮೇಷ್ಟ್ರು ಬೀಗಿದರು! ಜೇಬಿನಲ್ಲಿ ಬೀಗದ ಕೈಗಳು ಝಣಝಣ ಎನ್ನುತ್ತ, ಅವರು ವರಾಂಡದ ಆ ತುದಿಯಲ್ಲಿರುವಾಗಲೇ ಮಕ್ಕಳು ಸದ್ದಡಗಿಸಿ ಕೂರುತ್ತಿದ್ದರು.

ಪ್ರತಿ ಸಂಜೆ ಏಳಕ್ಕೆ ಹೆಂಡತಿಯ ಫೋನು.

“ಸೈಕಲ್ ಹೇಗಿದೆ?”

“ನಾನು ಹೇಗಿದ್ದೀನಿ ಅಂತ ಮೊದಲು ಕೇಳು!”

“ನಿಮಗೇನ್ರೀ, ನಿಮ್ಮನ್ನ ಬಿಚ್ಚಿ ಸೀಟು ತಗೊಂಡು ಹೋಗೋರು ಯಾರಿದ್ದಾರೆ? ಊಟ ಆಯ್ತಾ?”

“ಆಯ್ತು. ನಿಂದು?”

“ಆಯ್ತು.”

ಆಮೇಲೂ ಇಬ್ಬರೂ ಫೋನು ಇಡುತ್ತಿರಲಿಲ್ಲ. ಅವಳ ಹಿಂದೆ ಹಾಸ್ಟೆಲಿನ ಪಾತ್ರೆಗಳ ಸದ್ದು ಕೇಳುತ್ತಿತ್ತು. ಇವರ ಹಿಂದೆ ಏನೂ ಕೇಳುತ್ತಿರಲಿಲ್ಲ. “ಸರಿ ಹಾಗಾದ್ರೆ” ಎಂದು ಅವಳು ಮೂರು ಸಲ ಹೇಳುತ್ತಿದ್ದಳು. ಮೂರನೆಯದಕ್ಕೆ ಫೋನು ಇಡುವುದು ಎಂದು ಇಬ್ಬರಿಗೂ ಗೊತ್ತಿತ್ತು.

ಮೂರು ಬೀಗ ಹಾಕಿದರೂ ಮೇಷ್ಟ್ರ ಜೀವಕ್ಕೆ ನೆಮ್ಮದಿಯಿಲ್ಲ. ಗಂಟೆಯನ್ನು ತಿರುಪು ಬಿಚ್ಚಿ ಒಯ್ದರೆ? ಮುಂದಿನ ಬುಟ್ಟಿಯ ಹೆಣಿಗೆಯಲ್ಲಿ ಅವಳ ಒಂದು ಹೇರ್‌ಪಿನ್ ಸಿಕ್ಕಿಕೊಂಡಿತ್ತು. ಅದನ್ನು ಯಾರಾದರೂ ಎಳೆದುಬಿಟ್ಟರೆ? ಇದನ್ನೆಲ್ಲ ಯಾರಿಗೂ ಹೇಳುವಂತಿಲ್ಲ. ಒಂದು ಬೆಳಿಗ್ಗೆ ಸೈಕಲ್ಲನ್ನು ಸೀದಾ ಸ್ಟಾಫ್ ರೂಮಿಗೇ ತಳ್ಳಿಕೊಂಡು ಬಂದರು. ಅರ್ಧ ಗಂಟೆಯಲ್ಲಿ ಅದರ ಹ್ಯಾಂಡಲ್, ಮುಖ್ಯೋಪಾಧ್ಯಾಯಿನಿಯ ಕೈಚೀಲದ ಪಟ್ಟಿಗೆ ಸಿಕ್ಕಿ, ಅವರು ಬಾಗಿಲವರೆಗೂ ಸೈಕಲ್ ಎಳೆದುಕೊಂಡು ಹೋದರು. ಶಾಲೆಯಲ್ಲೆಲ್ಲ “ದೊಡ್ಡ ಮೇಡಂ” ಎಂದೇ ಹೆಸರಾದವರು ಅವರು. ದನಿಯೂ ದೊಡ್ಡದೇ.

“ಮೇಷ್ಟ್ರೇ! ಇದು ಸ್ಟಾಫ್ ರೂಮೋ, ಸೈಕಲ್ ಶಾಪೋ?”

“ಮೇಡಂ, ಒಂದು ಹತ್ತು ತಿಂಗಳ ಮಟ್ಟಿಗೆ...”

“ಹತ್ತು ನಿಮಿಷ! ಅಷ್ಟರಲ್ಲಿ ಇದು ಇಲ್ಲಿಂದ ಹೋಗಬೇಕು!”

ಹೋಯಿತು. ಮೇಲಕ್ಕೆ ಹೋಯಿತು! ಮೊದಲನೇ ಮಹಡಿಯ ಕೊನೆಯಲ್ಲಿ ಒಂದು ನಕ್ಷೆ ಕೋಣೆಯಿತ್ತು. ಸುರುಳಿ ಸುತ್ತಿದ ನಕ್ಷೆಗಳು, ಮೂರು ಭೂಗೋಳಗಳು, ಗಾಳಿಯ ದಿಕ್ಕು ತೋರಿಸುವ ಒಂದು ಮುರುಕು ಯಂತ್ರ, ಇಷ್ಟು ಅದರ ಸಂಸಾರ. ಅದರ ಏಕಮಾತ್ರ ಯಜಮಾನ ಭೂಗೋಳದ ಮೇಷ್ಟ್ರು. ಇಪ್ಪತ್ತಾರು ಮೆಟ್ಟಿಲು. ದಿನಾ ಬೆಳಿಗ್ಗೆ ಸೈಕಲ್ಲನ್ನು ಹೆಗಲಿಗೇರಿಸಿ, ಏದುಸಿರು ಬಿಡುತ್ತ, ಇಪ್ಪತ್ತಾರು ಮೆಟ್ಟಿಲು ಹತ್ತಿ ಅಲ್ಲಿ ನಿಲ್ಲಿಸತೊಡಗಿದರು.

ಶಾಲೆಯ ಗಂಟೆ ಬಾರಿಸುವ ಅಟೆಂಡರನ್ನು ಎಲ್ಲರೂ “ಗಂಟೆಯಣ್ಣ” ಎನ್ನುತ್ತಿದ್ದರು. ನಿವೃತ್ತಿಗೆ ಹತ್ತಿರವಾದ ಮನುಷ್ಯ. ಮೆಟ್ಟಿಲ ಕೆಳಗಿನ ಸ್ಟೂಲಿನ ಮೇಲೆ ಕೂತು ಈ ಮೆರವಣಿಗೆಯನ್ನು ಒಂದು ವಾರ ನೋಡಿ, ಎಂಟನೇ ದಿನ ಬಾಯಿಬಿಟ್ಟ.

“ಸಾರ್, ಸೈಕಲ್ ಇರೋದು ನೀವು ಅದರ ಮೇಲೆ ಕೂರೋಕೆ. ಅದು ನಿಮ್ಮ ಮೇಲೆ ಕೂರೋಕಲ್ಲ.”

“ನಿನಗೆ ಅರ್ಥ ಆಗಲ್ಲ ಬಿಡು ಗಂಟೆಯಣ್ಣ!”

“ಆಗತ್ತೆ ಸಾರ್,” ಎಂದ ಗಂಟೆಯಣ್ಣ ಮೆತ್ತಗೆ. “ಸಿಸ್ಟರ್ ಯಾವಾಗ ಬರ್ತಾರೆ?”

ಮೇಷ್ಟ್ರು ಸೈಕಲ್ಲನ್ನು ಇನ್ನೊಂದು ಹೆಗಲಿಗೆ ಬದಲಿಸಿ ಮೆಟ್ಟಿಲು ಹತ್ತಿದರು.

ನಕ್ಷೆ ಕೋಣೆಗೆ ಸೈಕಲ್ ಬಂದ ಮೇಲೆ ಮೇಷ್ಟ್ರು ಮಧ್ಯಾಹ್ನದ ಬಿಡುವಿನಲ್ಲಿ ಸ್ಟಾಫ್ ರೂಮಿಗೆ ಹೋಗುವುದನ್ನೇ ಬಿಟ್ಟರು. ಡಬ್ಬಿ ಬಿಚ್ಚಿ ಸೈಕಲ್ ಪಕ್ಕ ಕೂರುತ್ತಿದ್ದರು. ಗೋಡೆಯ ಮೇಲೊಂದು ದೊಡ್ಡ ನಕ್ಷೆ. ತಮ್ಮ ಊರಿನ ಮೇಲೆ ಹೆಬ್ಬೆರಳಿಟ್ಟು, ಅವಳಿರುವ ಊರಿನತ್ತ ಕಿರುಬೆರಳು ಚಾಚಿದರೆ ಸರಿಯಾಗಿ ಒಂದು ಗೇಣು. ಅಷ್ಟೇ! ಮಕ್ಕಳಿಗೆ ಅಳತೆಗೋಲಿನ ಪಾಠ ಮಾಡುವಾಗ, “ನಕ್ಷೆಯಲ್ಲಿ ಒಂದು ಗೇಣು ಅಂದ್ರೆ ನೆಲದ ಮೇಲೆ ಎಷ್ಟು?” ಎಂದು ಕೇಳಿ ಐನೂರು ಮೈಲಿ ಎಂದು ತಾವೇ ಎಷ್ಟೋ ವರ್ಷ ಹೇಳಿಕೊಟ್ಟಿದ್ದರು. ಆದರೆ ಐನೂರು ಮೈಲಿ ಅಂದರೆ ಎಷ್ಟು ಎಂದು ಗೊತ್ತಾದದ್ದು ಈ ವರ್ಷ. ಅನ್ನ ನುಂಗುತ್ತ, ಗೇಣಿಟ್ಟು, ಗೇಣು ತೆಗೆದು, ಮತ್ತೆ ಗೇಣಿಡುತ್ತಿದ್ದರು. ನಕ್ಷೆಯಲ್ಲಿ ಆ ಎರಡು ಊರುಗಳ ಹೆಸರು ಬೆರಳುಜ್ಜಿ ಉಜ್ಜಿ ಮಾಸಿಹೋಗಿತ್ತು. ಭೂಗೋಳದ ಮೇಷ್ಟ್ರಿಗೂ ಒಂದು ಗೋಳಿರುತ್ತದೆ ಎಂದು ಯಾರಿಗೆ ಗೊತ್ತು!

ಹೀಗೆ ಹತ್ತು ತಿಂಗಳು ಕಳೆಯಿತು. ಬರುವ ತಿಂಗಳ ಹದಿನೆಂಟಕ್ಕೆ ಅವಳ ತರಬೇತಿ ಮುಗಿಯಬೇಕಿತ್ತು. ಅಷ್ಟರಲ್ಲಿ ಅರ್ಧವಾರ್ಷಿಕ ಪರೀಕ್ಷೆ ಬಂತು.

ಪರೀಕ್ಷೆಯ ಹಿಂದಿನ ಮಧ್ಯಾಹ್ನ ದೊಡ್ಡ ಮೇಡಂ ಸಭೆ ಕರೆದರು. “ಪ್ರಶ್ನೆಪತ್ರಿಕೆ ಎಲ್ಲಿಡೋದು? ಆಫೀಸಿನ ಬೀರು ಬಾಗಿಲು ಕಿತ್ತುಹೋಗಿದೆ.”

ಚಿತ್ರದ ಮೇಷ್ಟ್ರು ಹಲ್ಲು ಕಿಸಿದರು. “ನಮ್ಮ ಶಾಲೆಯಲ್ಲಿ ಅತ್ಯಂತ ಭದ್ರವಾದ ಜಾಗ ಯಾವುದು ಅಂತ ಕೇಳಬೇಕಾ ಮೇಡಂ?”

ಎಲ್ಲರೂ ಭೂಗೋಳದ ಮೇಷ್ಟ್ರತ್ತ ತಿರುಗಿದರು. ಮೇಷ್ಟ್ರ ಎದೆ ಎರಡಂಗುಲ ಉಬ್ಬಿತು. “ಕೊಡಿ ಮೇಡಂ! ಸೊಳ್ಳೆಯೂ ಒಳಗೆ ಹೋಗದಂತೆ ನೋಡ್ಕೋತೀನಿ!” ಎಂದು ಸಾರಿದರು. ಅಂದು ತಾನೇ ಸೈಕಲ್ಲಿಗೆಂದು ಕೊಂಡುತಂದಿದ್ದ ಹೊಚ್ಚ ಹೊಸ ನಂಬರ್ ಬೀಗ ಜೇಬಿನಲ್ಲೇ ಇತ್ತು. ಕೀಲಿಯಿಲ್ಲದ ಬೀಗ. ನಾಲ್ಕು ಅಂಕಿ ನಾವೇ ಕೂಡಿಸಿಟ್ಟರೆ, ಅದೇ ಅಂಕಿಗೆ ಮಾತ್ರ ಬಾಯಿಬಿಡುತ್ತದೆ. ಪತ್ರಿಕೆಯ ಕಟ್ಟುಗಳನ್ನು ನಕ್ಷೆ ಕೋಣೆಯ ಬಾಗಿಲ ಪಕ್ಕ ಪೇರಿಸಿ, ಸೈಕಲ್ಲನ್ನು ಅದಕ್ಕೆ ಒರಗಿಸಿ ಕಾವಲು ನಿಲ್ಲಿಸಿ, ಹೊರಗೆ ಬಂದು ಎಲ್ಲರೆದುರು ಬೀಗಕ್ಕೆ ಅಂಕಿ ಕೂಡಿಸಿ ಬಾಗಿಲಿಗೆ ಜಡಿದರು. ಅಂದು ಸೈಕಲ್ ಒಳಗೇ ಉಳಿಯಿತು. ಅಂಕಿ ತಿರುಗಿಸುವಾಗ ಮಾತ್ರ ಎಲ್ಲರಿಗೂ ಬೆನ್ನು ಹಾಕಿದ್ದರು.

“ನಂಬರ್ ಬರೆದಿಟ್ಕೊಳ್ಳಿ ಮೇಷ್ಟ್ರೇ,” ಎಂದರು ದೊಡ್ಡ ಮೇಡಂ.

“ಬರೆಯೋದಾ? ಮೇಡಂ, ಅದೊಂದು ತಾರೀಕು! ನಾನು ಸತ್ತರೂ ಮರೆಯದ ತಾರೀಕು!”

ನಡೆದುಕೊಂಡು ಮನೆಗೆ ಹೋದರು. ಏಳಕ್ಕೆ ಫೋನು ಬಂತು. ಅಂದು ಅವಳು ಸೈಕಲ್ ವಿಷಯ ಕೇಳಲಿಲ್ಲ.

“ರೀ, ಬೇಜಾರು ಮಾಡ್ಕೋಬೇಡಿ. ತರಬೇತಿ ಮುಂದಕ್ಕೆ ಹಾಕಿದ್ದಾರೆ. ಹದಿನೆಂಟಕ್ಕೆ ಬರೋಕಾಗಲ್ಲ. ಅದರ ಮುಂದಿನ ತಿಂಗಳು ಒಂಬತ್ತಕ್ಕೆ ಬರ್ತೀನಿ.”

“ಓ, ಅಷ್ಟೇ ತಾನೆ! ಬೇಜಾರೇನು? ಮೂರು ವಾರ ಅಂದ್ರೆ ಯಾವ ಮಹಾ!” ಎಂದರು ಮೇಷ್ಟ್ರು.

ಫೋನಿಟ್ಟು, ಗೋಡೆಯ ಕ್ಯಾಲೆಂಡರ್ ಹತ್ತಿರ ಹೋದರು. ಹದಿನೆಂಟರ ಸುತ್ತ ಹತ್ತು ತಿಂಗಳ ಹಿಂದೆಯೇ ಕೆಂಪು ಶಾಯಿಯ ಒಂದು ಸುತ್ತು ಹಾಕಿದ್ದರು. ಅದರ ಮೇಲೆ ಕಪ್ಪು ಶಾಯಿಯಲ್ಲಿ ಗೀಚಿದರು. ಅಂಕಿ ಕಾಣದಂತೆ, ಕಾಗದ ಹರಿಯುವಷ್ಟು ಗೀಚಿದರು. ಆಮೇಲೆ ಊಟ ಮಾಡದೆ ಮಲಗಿದರು.

ಮರುದಿನ ಪರೀಕ್ಷೆ ಹತ್ತು ಗಂಟೆಗೆ. ಒಂಬತ್ತೂವರೆಗೆ ನಕ್ಷೆ ಕೋಣೆಯ ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು, ಅಂಗೈಯಲ್ಲಿ ಬೀಗ. ಸತ್ತರೂ ಮರೆಯದ ತಾರೀಕು ಮರೆತುಹೋಗಿತ್ತು!

ಎಷ್ಟು ತಲೆ ಕೆರೆದುಕೊಂಡರೂ ಬರಲಿಲ್ಲ. ರಾತ್ರಿಯೆಲ್ಲ ನಿದ್ದೆಯಿಲ್ಲದ ತಲೆಯೊಳಗೆ ಕಪ್ಪು ಶಾಯಿ ಚೆಲ್ಲಿದಂತಿತ್ತು. ಒಬ್ಬೊಬ್ಬರಾಗಿ ಶಿಕ್ಷಕರು ಸೇರಿದರು. ಕೆಳಗೆ ಅಂಗಳದಲ್ಲಿ ನಾನೂರು ಮಕ್ಕಳು ಪೆನ್ನು ಹಿಡಿದು ಕಾಯುತ್ತಿದ್ದರು.

“ಮರೆಯದ ತಾರೀಕು ಅಂದ್ರೆ ಮದುವೆ ದಿನ ತಾನೆ? ಹಾಕಿ!” ಎಂದರು ಚಿತ್ರದ ಮೇಷ್ಟ್ರು.

ಅಲ್ಲವೇ ಮತ್ತೆ! ಮೇಷ್ಟ್ರು ಹಿಗ್ಗಿ ಹದಿನಾಲ್ಕು ತಿರುಗಿಸಿ, ತಿಂಗಳು ತಿರುಗಿಸಿ ಎಳೆದರು. ಬೀಗ ತೆಪ್ಪಗಿತ್ತು. ಮತ್ತೆ ಎಳೆದರು. ಚಿತ್ರದ ಮೇಷ್ಟ್ರೂ ಎಳೆದರು. ಆಟದ ಮೇಷ್ಟ್ರು ಬಂದು ಬಾಗಿಲಿಗೆ ಹೆಗಲು ಕೊಟ್ಟು ಧಡ್ ಧಡ್ ಎಂದು ಗುದ್ದಿದರು. ಒಳಗೆ ಏನೋ ಧೊಪ್ಪನೆ ಬಿದ್ದ ಸದ್ದಾಯಿತು. ಮೇಷ್ಟ್ರು ಬಾಗಿಲಿಗೆ ಅಡ್ಡ ನಿಂತರು.

“ಗುದ್ದಬೇಡಿ! ಒಳಗೆ ಸೈಕಲ್ ಇದೆ!”

“ಒಳಗೆ ಪ್ರಶ್ನೆಪತ್ರಿಕೆ ಇದೆ ಮೇಷ್ಟ್ರೇ!” ಎಂದು ದೊಡ್ಡ ಮೇಡಂ ಗುಡುಗಿದರು. “ಮದುವೆ ದಿನ ಸರಿಯಾಗಿ ನೆನಪಿದೆಯಾ ನಿಮಗೆ? ಮೊದಲು ಫೋನ್ ಮಾಡಿ ಕೇಳಿ!”

ಹತ್ತು ಜನ ಸಹೋದ್ಯೋಗಿಗಳ ನಡುವೆ ನಿಂತು ಹೆಂಡತಿಗೆ ಫೋನು ಮಾಡಿ ಮದುವೆಯ ತಾರೀಕು ಕೇಳುವ ಗತಿ ಶತ್ರುವಿಗೂ ಬೇಡ! ಸಾಲದ್ದಕ್ಕೆ, ಅಂಕಿ ಎಲ್ಲರಿಗೂ ಕೇಳಲೆಂದು ಚಿತ್ರದ ಮೇಷ್ಟ್ರು ಫೋನಿನ ಸ್ಪೀಕರ್ ಒತ್ತಿದರು.

“ಏನಾಯ್ತು ರೀ? ಈ ಹೊತ್ತಲ್ಲಿ ಫೋನು! ಬಿದ್ರಾ?”

“ಇಲ್ಲ ಕಣೇ. ಒಂದು ಸಣ್ಣ ವಿಷಯ. ನಮ್ಮ ಮದುವೆ ಆಗಿದ್ದು... ಹದಿನಾಲ್ಕನೇ ತಾರೀಕು ತಾನೆ?”

ಆ ಕಡೆಯಿಂದ ಐನೂರು ಮೈಲಿ ಉದ್ದದ ಮೌನ.

“ಹದಿನೈದು.”

ಸುತ್ತ ನಿಂತವರೆಲ್ಲ ಒಟ್ಟಿಗೆ “ಅಯ್ಯೋ” ಎಂದರು.

“ಮತ್ತೆ ಹದಿನಾಲ್ಕು ಅಂತ ನನ್ನ ತಲೆಯಲ್ಲಿ ಯಾಕೆ ಕೂತಿದೆ?”

“ಹದಿನಾಲ್ಕು ನೀವು ಒಂದು ದಿನ ಮುಂಚೆ ಬಂದು, ‘ಇನ್ನೂ ಯಾರೂ ಬಂದಿಲ್ವಾ’ ಅಂತ ಮದುವೆ ಮನೆ ಬಾಗಿಲಲ್ಲಿ ನಿಂತಿದ್ದ ದಿನ!”

ದೊಡ್ಡ ಮೇಡಂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಚಿತ್ರದ ಮೇಷ್ಟ್ರಿಗೆ ಮುಚ್ಚಿಕೊಳ್ಳಲು ಏನೂ ಸಿಗಲಿಲ್ಲ. ಮೇಷ್ಟ್ರು ಹದಿನೈದು ತಿರುಗಿಸಿದರು. ಬೀಗ ಅಲ್ಲಾಡಲಿಲ್ಲ. ಆಗಲೇ ಅವರು ಫೋನಿಗೆ ನಡೆದದ್ದನ್ನೆಲ್ಲ ತಡವರಿಸುತ್ತ ಹೇಳಿದ್ದು.

“ನನ್ನ ಹುಟ್ಟಿದ ದಿನ ಹಾಕಿದ್ರೋ ಏನೋ?”

“ಹಾಂ, ಇರಬಹುದು! ಅದು...”

“ಮೇಷ್ಟ್ರೇ,” ಎಂದು ದೊಡ್ಡ ಮೇಡಂ ಅವರ ತೋಳು ಹಿಡಿದರು. “ಆ ತಾರೀಕು ನೀವು ಹೇಳಬೇಡಿ. ಅವರೇ ಹೇಳ್ಲಿ.”

ಅವಳೇ ಹೇಳಿದಳು. ಅದಕ್ಕೂ ತೆರೆಯಲಿಲ್ಲ. ಗಂಟೆಯಣ್ಣ ಕೆಳಗಿನಿಂದ, “ಹತ್ತಕ್ಕೆ ಐದು ನಿಮಿಷ!” ಎಂದು ಕೂಗಿದ. ಮೇಷ್ಟ್ರ ಹಣೆಯ ಬೆವರು ಬೀಗದ ಮೇಲೆ ತೊಟ್ಟಿಕ್ಕುತ್ತಿತ್ತು.

“ರೀ, ಆ ನಂಬರ್ ಯಾವಾಗ ಹಾಕಿದ್ದು?”

“ನಿನ್ನೆ ಮಧ್ಯಾಹ್ನ. ಮೂರು ಗಂಟೆಗೆ.”

“ನಾನು ಫೋನ್ ಮಾಡಿದ್ದು ಏಳಕ್ಕೆ.”

ಈಗ ಅವಳ ದನಿ ತೀರ ಹತ್ತಿರದಿಂದ ಬಂದಂತಿತ್ತು.

“ಬರೋ ತಿಂಗಳ ಹದಿನೆಂಟು ಹಾಕಿ ನೋಡಿ.”

ಮೇಷ್ಟ್ರು ಒಂದೊಂದೇ ಅಂಕಿ ತಿರುಗಿಸಿದರು. ಕಟಕ್. ಬೀಗ ಕೈಗೆ ಬಂತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಚಿತ್ರದ ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ಆಟದ ಮೇಷ್ಟ್ರು ಅಂಗಳದ ಕಡೆ ತಿರುಗಿ ಮಕ್ಕಳನ್ನು ಎಣಿಸತೊಡಗಿದರು. ನಿನ್ನೆ ರಾತ್ರಿ ಕ್ಯಾಲೆಂಡರಿನಲ್ಲಿ ಗೀಚಿದ್ದು ತಲೆಯೊಳಗಿನ ತಾರೀಕನ್ನೂ ಅಳಿಸಿಬಿಟ್ಟಿತ್ತೆಂದು ಮೇಷ್ಟ್ರಿಗೆ ಆಗ ಹೊಳೆಯಿತು. ಬಾಗಿಲು ತಳ್ಳಿದರು. ಒಳಗೆ ಏನೋ ಗರಗರ ಜಾರಿತು.

“ಏನದು ಸದ್ದು? ಸೈಕಲ್ ಬಿತ್ತಾ?” ಎಂದಿತು ಫೋನು.

“ಇಲ್ಲ, ಇಲ್ಲ! ಮಲಗಿದೆ!” ಎಂದರು ಮೇಷ್ಟ್ರು.

ಮಲಗಿದ್ದೇನೋ ನಿಜ, ಪ್ರಶ್ನೆಪತ್ರಿಕೆಗಳ ಮೇಲೆ! ಕಟ್ಟೊಂದು ಬಿಚ್ಚಿ, ಹಾಳೆಗಳು ಇಸ್ಪೀಟಿನ ಎಲೆಗಳಂತೆ ಹರಡಿ, ಅವುಗಳ ಮೇಲೆ ಚಕ್ರ ಉರುಳಿ ಕಪ್ಪು ಗೀಟು ಎಳೆದಿತ್ತು. ಯಾವ ವಿಷಯದ ಪತ್ರಿಕೆ ಎನ್ನುತ್ತೀರಿ? ಭೂಗೋಳದ್ದೇ! ಅದರಲ್ಲೂ ಕೊನೆಯ ಪುಟದ ಖಾಲಿ ನಕ್ಷೆ. ಆ ವಾರದ ಕೊನೆಗೆ ಪರೀಕ್ಷೆ ನಡೆದಾಗ ಕೆಲವು ಮಕ್ಕಳು ಟೈರಿನ ಗುರುತನ್ನು “ರೈಲು ಮಾರ್ಗ” ಎಂದು ಗುರುತಿಸಿದರು, ಕೆಲವರು “ಪರ್ವತ ಶ್ರೇಣಿ” ಎಂದರು. ಹಿಂದಿನ ಬೆಂಚಿನ ಒಬ್ಬಳು ಧೈರ್ಯವಾಗಿ “ಸಿಸ್ಟರ್ ಸೈಕಲ್” ಎಂದು ಬರೆದಳು. ಸರಿಯುತ್ತರ ಅವಳೊಬ್ಬಳದ್ದೇ. ಮೇಷ್ಟ್ರು ಪೂರ್ತಿ ಅಂಕ ಕೊಟ್ಟರು.

ಬೀಗ ತೆರೆದ ದಿನವೇ ಸಂಜೆ ದೊಡ್ಡ ಮೇಡಂ ಕರೆಸಿದರು.

“ಸೈಕಲ್ ನಾಳೆಯಿಂದ ನಕ್ಷೆ ಕೋಣೆಯಲ್ಲಿ ಇರಕೂಡದು.”

“ಸರಿ ಮೇಡಂ.”

“ಗಂಟೆಯಣ್ಣನ ಸ್ಟೂಲ್ ಪಕ್ಕ ಮೆಟ್ಟಿಲ ಕೆಳಗೆ ನಿಲ್ಲಿಸಿ. ಅವನೇ ಕೇಳ್ಕೊಂಡ. ಕದಿಯೋಕೆ ಬಂದವನು ಮೊದಲು ತನ್ನನ್ನ ಎಬ್ಬಿಸಬೇಕಾಗತ್ತಂತೆ.” ಮೇಡಂ ಕಾಗದದಿಂದ ತಲೆ ಎತ್ತಲಿಲ್ಲ. “ಸಿಸ್ಟರ್ ಬರೋದು ಒಂಬತ್ತನೇ ತಾರೀಕಂತೆ, ಅವತ್ತು ನಿಮಗೆ ರಜ. ಅರ್ಜಿ ಬರೆಯೋದು ಬೇಡ, ನೀವು ತಾರೀಕು ತಪ್ಪು ಬರೀತೀರಿ.”

ಒಂಬತ್ತು ಬಂತು. ಹನ್ನೊಂದು ಗಂಟೆಯ ರೈಲಿಗೆ ಮೇಷ್ಟ್ರು ಎಂಟೂವರೆಗೇ ಸ್ಟೇಷನ್ನಿನಲ್ಲಿದ್ದರು. ಕ್ಷೌರವಾಗಿತ್ತು, ಅಂಗಿ ಇಸ್ತ್ರಿಯಾಗಿತ್ತು, ಸೈಕಲ್ ಫಳಫಳ ಹೊಳೆಯುತ್ತಿತ್ತು. ಎರಡೂವರೆ ಗಂಟೆ ಅದರ ಹ್ಯಾಂಡಲ್ ಹಿಡಿದು, ಬಾಗಿಲ ಪಕ್ಕದ ಚಹಾ ಅಂಗಡಿಯ ಮುಂದೆ ನಿಂತಿದ್ದರು. ಇಷ್ಟು ತಿಂಗಳ ಮಾತುಗಳನ್ನೆಲ್ಲ ಮನಸ್ಸಿನಲ್ಲಿ ಸಾಲಾಗಿ ಜೋಡಿಸಿಕೊಂಡಿದ್ದರು. ಯಾವುದರ ಹಿಂದೆ ಯಾವುದು ಎಂದು ಪಾಠದಂತೆ ಉರುಹೊಡೆದಿದ್ದರು. ರೈಲಿನ ಕೂಗು ಕೇಳಿಸಿತು. ಸರಪಳಿ, ಬೀಗಗಳನ್ನು ಚೀಲದಿಂದ ತೆಗೆದರು. ತೆಗೆದದ್ದಷ್ಟೇ ಅವರಿಗೆ ನೆನಪು.

ಅವಳು ಇಳಿದಳು. ಸ್ವಲ್ಪ ಸಣ್ಣಗಾಗಿದ್ದಳು. ಹೊಸ ಕನ್ನಡಕ ಬಂದಿತ್ತು. ಕಿವಿಯ ಮೇಲೆ ಹೋಗುವಾಗ ಇಲ್ಲದಿದ್ದ ನಾಲ್ಕು ಬಿಳಿ ಕೂದಲಿತ್ತು. ಅದು ಬೆಳ್ಳಗಾಗುವಾಗ ತಾವು ನೋಡಲಿಲ್ಲವಲ್ಲ ಎಂದು ಮೇಷ್ಟ್ರಿಗೆ ಅನಿಸಿತು. ಜೋಡಿಸಿದ್ದ ಮಾತುಗಳ ಸಾಲು ಅಲ್ಲೇ ಚೆಲ್ಲಾಪಿಲ್ಲಿ.

“ಬಂದ್ಯಾ?” ಎಂದರು.

“ಬಂದೆ,” ಎಂದಳು.

ಅಷ್ಟಕ್ಕೇ ಇಬ್ಬರಿಗೂ ಹೊಟ್ಟೆ ತುಂಬಿತು. ದೊಡ್ಡ ಚೀಲದ ಒಂದು ಹಿಡಿ ಅವಳು, ಇನ್ನೊಂದು ಹಿಡಿ ಇವರು ಹಿಡಿದು, ಮಾತಾಡುತ್ತ, ಮಾತಾಡುತ್ತ, ಮೂರು ಬೀದಿ ದಾಟಿದರು. ಹಾಸ್ಟೆಲಿನ ಅಡುಗೆ, ಅಲ್ಲಿಯ ಡಾಕ್ಟರು, ಇಲ್ಲಿಯ ಎದುರು ಮನೆಯವರು. ಒಂದು ಕತೆಯ ನಡುವೆ ಅವಳು ಗಕ್ಕನೆ ನಿಂತಳು.

“ರೀ. ಸೈಕಲ್ ಎಲ್ಲಿ?”

ಮೇಷ್ಟ್ರು ತಮ್ಮ ಇನ್ನೊಂದು ಕೈ ನೋಡಿಕೊಂಡರು. ಅದರಲ್ಲಿ ಒಂದು ಸರಪಳಿ, ಮೂರು ಬೀಗ, ಒಂದು ನಂಬರ್ ಬೀಗ. ಎಲ್ಲ ಜೋಪಾನವಾಗಿತ್ತು, ಸೈಕಲ್ ಒಂದು ಬಿಟ್ಟು!

ಐವತ್ತರ ಮೇಷ್ಟ್ರು ಆ ಮೂರು ಬೀದಿಗಳನ್ನು ಓಡಿದ ಓಟವನ್ನು ಆಟದ ಮೇಷ್ಟ್ರು ನೋಡಿದ್ದರೆ ಪದಕ ಕೊಡುತ್ತಿದ್ದರು. ಸ್ಟೇಷನ್ ಬಾಗಿಲಿಗೆ ಬಂದು ನೋಡಿದರೆ, ನಿಲ್ಲಿಸಿದ ಜಾಗ ಖಾಲಿ! ಹಿಂದಿನಿಂದ ಚೀಲ ಹೊತ್ತು ಏದುಸಿರು ಬಿಡುತ್ತ ಅವಳೂ ಬಂದಳು. ಮೇಷ್ಟ್ರಿಗೆ ಅವಳ ಮುಖ ನೋಡುವ ಧೈರ್ಯವಿಲ್ಲ. ಚಹಾ ಅಂಗಡಿಯಾಕೆಯನ್ನು ಕೇಳಿದರು.

“ಅಮ್ಮಾ, ಇಲ್ಲೊಂದು ಸೈಕಲ್...”

“ಅದು ನಿಮ್ದಾ?” ಎಂದಳು ಆಕೆ ಲೋಟ ತೊಳೆಯುತ್ತ. “ದಾರಿಗೆ ಅಡ್ಡ ಇತ್ತು, ಹಿಂದೆ ತಳ್ಳಿಟ್ಟಿದ್ದೀನಿ ನೋಡಿ. ‘ಯಾರೋ ಬಿಟ್ಟು ಹೋಗಿದ್ದಾರೆ, ಬೇಕಾದ್ರೆ ತಗೊಂಡು ಹೋಗ್ರಪ್ಪ’ ಅಂತ ಮೂರು ಜನಕ್ಕೆ ಹೇಳ್ದೆ. ಸೈಕಲ್ ಸುತ್ತ ಒಂದು ಸಲ ಬಂದು ನೋಡಿದ್ರು, ‘ಬೇಡಮ್ಮಾ’ ಅಂದು ಹೋದ್ರು!”

ಮೇಷ್ಟ್ರ ಕೈಯಿಂದ ಮೂರೂ ಬೀಗ ಒಂದೊಂದಾಗಿ ಕೆಳಗೆ ಬಿದ್ದವು. ಹಿಂದಿನಿಂದ ನಗು ಕೇಳಿಸಿತು. ಚೀಲ ಕೆಳಗಿಟ್ಟು, ಪಕ್ಕೆ ಹಿಡಿದುಕೊಂಡು, ಹೊಸ ಕನ್ನಡಕದ ಕೆಳಗೆ ಕಣ್ಣೊರೆಸಿಕೊಳ್ಳುತ್ತ ಅವಳು ನಗುತ್ತಿದ್ದಳು. ಮೇಷ್ಟ್ರು ತಲೆ ತಗ್ಗಿಸಿ ನಿಂತು ಆ ನಗುವನ್ನು ಪೂರ್ತಿಯಾಗಿ ಕೇಳಿಸಿಕೊಂಡರು.

“ಹತ್ತಿರ ಹತ್ತಿರ ಒಂದು ವರ್ಷ ಕಾವಲು ಕಾದೆನಲ್ಲೇ,” ಎಂದರು ಕೊನೆಗೆ, ಸೋತ ದನಿಯಲ್ಲಿ. “ಇದು ಯಾರಿಗೂ ಬೇಡವಂತೆ!”

“ಹೋಗ್ಲಿ ಬಿಡಿ,” ಎಂದಳು ಅವಳು, ಅವರ ಅಂಗಿಯ ಧೂಳು ಕೊಡವುತ್ತ. “ಇಪ್ಪತ್ತನಾಲ್ಕು ವರ್ಷದಿಂದ ನಾನೂ ಅಂಥದ್ದೇ ಒಂದನ್ನ ಜೋಪಾನ ಮಾಡ್ತಾ ಇಲ್ವಾ?”